ಮದ್ದಿನಂಗಡಿಯಿಂದ ಶ್ವಾಸಕೋಶದವರೆಗೆ

ಸುಮ್ಮನೆ ಕುಳಿತಿರುವ ಮನುಷ್ಯನು ಒಂದು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾನೆ. ಒಂದೊಂದು ಉಸಿರಿಗೂ ಸುಮಾರು ಅರ್ಧ ಲೀಟರು ಗಾಳಿ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತದೆ. ಅಂದರೆ ನಿಮಿಷಕ್ಕೆ ಏಳೂವರೆ ಲೀಟರು, ಗಂಟೆಗೆ 450 ಲೀಟರು, ಒಂದು ಹಗಲು ಒಂದು ರಾತ್ರಿಗೆ 10,800 ಲೀಟರು. ಇನ್ನೂರು ಲೀಟರು ಹಿಡಿಯುವ ಪೀಪಾಯಿಗಳಲ್ಲಿ ತುಂಬುವುದಾದರೆ 54 ಪೀಪಾಯಿ ಗಾಳಿ! ಗುಡ್ಡ ಹತ್ತುವಾಗ, ಹೊರೆ ಹೊರುವಾಗ ಈ ಲೆಕ್ಕ ಇನ್ನೂ ಏರುತ್ತದೆ. ಇಷ್ಟು ದೊಡ್ಡ ಸಾಗಾಟವು ಎದೆಯೊಳಗೆ ಸದ್ದಿಲ್ಲದೆ ನಡೆಯುತ್ತಿರುವುದು ಆರೋಗ್ಯವಂತರ ನೆನಪಿಗೇ ಬರುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಒಂದೊಂದು ಉಸಿರನ್ನೂ ದುಡಿದು ಸಂಪಾದಿಸಬೇಕಾದ ಜನರೂ ಇದ್ದಾರೆ. ಅಂಗಳದಿಂದ ಜಗಲಿಗೆ ಬರುವಷ್ಟರಲ್ಲಿ ಅವರು ಎರಡು ಸಲ ನಿಲ್ಲಬೇಕು. ರಾತ್ರಿ ಮಲಗುವ ಬದಲು ದಿಂಬಿಗೆ ಒರಗಿ ಕೂರಬೇಕು. ಇಂಥವರನ್ನು ಕಂಡು ಜನ 'ದಮ್ಮು' ಎನ್ನುತ್ತಾರೆ, 'ಉಬ್ಬಸ' ಎನ್ನುತ್ತಾರೆ, 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುತ್ತಾರೆ.

ಇವರಲ್ಲಿ ಅನೇಕರ ಬೇನೆಗೆ ವೈದ್ಯಶಾಸ್ತ್ರವು ಕೊಟ್ಟಿರುವ ಹೆಸರು 'ದೀರ್ಘಕಾಲಿಕ ಶ್ವಾಸನಾಳ ಅಡಚಣೆಯ ರೋಗ'. ವೈದ್ಯರು ಚುಟುಕಾಗಿ ಸಿ.ಓ.ಪಿ.ಡಿ. ಎನ್ನುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಈ ರೋಗದಿಂದ ಪ್ರಪಂಚದಲ್ಲಿ 35 ಲಕ್ಷ ಜನ ಸತ್ತರು. ಮರಣಕಾರಣಗಳ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ. ನಮ್ಮ ದೇಶದಲ್ಲಿ 2016ರಲ್ಲಿ ಈ ರೋಗವಿದ್ದವರ ಸಂಖ್ಯೆ ಸುಮಾರು ಐದೂವರೆ ಕೋಟಿ ಎಂದು ಅಂದಾಜು ಮಾಡಲಾಗಿದೆ.

ಈ ರೋಗವನ್ನು ಬೇರುಸಹಿತ ಕಿತ್ತುಹಾಕುವ ಮದ್ದು ಇಲ್ಲ. ಆದರೆ ಉಸಿರನ್ನು ಹಗುರಮಾಡುವ, ರೋಗವು ಕೆರಳದಂತೆ ತಡೆಯುವ ಮದ್ದುಗಳು ಧಾರಾಳವಾಗಿವೆ. ಹೀಗಿದ್ದೂ ರೋಗಿಗೆ ಗುಣ ಕಾಣದಿದ್ದರೆ ಅದಕ್ಕೆ ಒಂದು ಮುಖ್ಯ ಕಾರಣ ಹೀಗಿದೆ: ವೈದ್ಯರು ಬರೆದ ಮದ್ದು ಅಂಗಡಿಗೆ ಬಂದಿರುತ್ತದೆ, ಅಂಗಡಿಯಿಂದ ಮನೆಗೂ ಹೋಗಿರುತ್ತದೆ, ಆದರೆ ಶ್ವಾಸಕೋಶವನ್ನು ಮಾತ್ರ ಮುಟ್ಟಿರುವುದಿಲ್ಲ. ಆ ಕೊನೆಯ ಗೇಣುದ್ದದ ದಾರಿಯನ್ನು ತೋರಿಸಬಲ್ಲ ವ್ಯಕ್ತಿ ಮದ್ದಿನಂಗಡಿಯ ಫಾರ್ಮಸಿಸ್ಟ್. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂಥ ಊರುಗಳಲ್ಲಿ ಈ ಕೆಲಸ ಏಕೆ ಅಗತ್ಯ, ಅದರ ಹಿಂದೆ ಯಾವ ವಿಜ್ಞಾನವಿದೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಗಾಳಿಯ ಹಾದಿ

ನಮ್ಮ ಶ್ವಾಸನಾಳವನ್ನು ತಲೆಕೆಳಗಾಗಿ ನಿಂತ ಮರವೆಂದು ಭಾವಿಸಬಹುದು. ಕಾಂಡವು ಎರಡು ಕೊಂಬೆಗಳಾಗಿ, ಕೊಂಬೆಗಳು ರೆಂಬೆಗಳಾಗಿ, ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಕೊನೆಗೆ ಗಾಳಿಗೂಡುಗಳಲ್ಲಿ ಮುಗಿಯುತ್ತವೆ. ಈ ಗೂಡುಗಳ ಸಂಖ್ಯೆ 30ರಿಂದ 50 ಕೋಟಿ. ಅವುಗಳ ಗೋಡೆಗಳನ್ನು ಬಿಚ್ಚಿ ಹರಡಿದರೆ 70 ಚದರ ಮೀಟರಿಗಿಂತಲೂ ಹೆಚ್ಚಿನ ನೆಲವನ್ನು ಮುಚ್ಚಬಹುದು. ಈ ತೆಳುಗೋಡೆಯ ಮೂಲಕವೇ ಆಮ್ಲಜನಕವು ರಕ್ತಕ್ಕೆ ಸೇರುತ್ತದೆ, ಅಂಗಾರಾಮ್ಲವು ಹೊರಬೀಳುತ್ತದೆ.

ಹೊಗೆಯೂ ಧೂಳೂ ವರ್ಷಗಟ್ಟಲೆ ಒಳಹೊಕ್ಕಾಗ ಎರಡು ಬಗೆಯ ಕೇಡು ಸಂಭವಿಸುತ್ತದೆ. ಮೊದಲನೆಯದಾಗಿ, ನಳಿಗೆಗಳ ಒಳಗೋಡೆ ಊದಿಕೊಂಡು, ಕಫ ಹೆಚ್ಚಿ, ದಾರಿ ಕಿರಿದಾಗುತ್ತದೆ. ಎರಡನೆಯದಾಗಿ, ಗಾಳಿಗೂಡುಗಳ ನಡುವಣ ಗೋಡೆಗಳು ಕರಗಿ, ಅನೇಕ ಚಿಕ್ಕ ಗೂಡುಗಳಿದ್ದಲ್ಲಿ ಕೆಲವೇ ದೊಡ್ಡ ಪೊಳ್ಳುಗಳು ಉಳಿಯುತ್ತವೆ. ಗೋಡೆ ಕಡಿಮೆಯಾದಂತೆ ಅನಿಲಗಳ ವಿನಿಮಯಕ್ಕೆ ಜಾಗ ಕಡಿಮೆಯಾಗುತ್ತದೆ. ಈ ಎರಡನೆಯ ಕೇಡನ್ನು ಸ್ಟೆತಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು 1819ರಲ್ಲಿಯೇ ವಿವರಿಸಿದ್ದನು. ಕರಗಿದ ಗೋಡೆ ಮತ್ತೆ ಬೆಳೆಯುವುದಿಲ್ಲ. ಆಸ್ತಮಾ ರೋಗದಲ್ಲಿ ನಳಿಗೆಗಳು ಕಿರಿದಾದರೂ ಬಹುಮಟ್ಟಿಗೆ ಮತ್ತೆ ಹಿಗ್ಗುತ್ತವೆ. ಈ ರೋಗದಲ್ಲಿ ಪೂರ್ತಿಯಾಗಿ ಹಿಗ್ಗುವುದಿಲ್ಲ. ಇವೆರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ನಳಿಗೆ ಸ್ವಲ್ಪ ಕಿರಿದಾದರೆ ಅಷ್ಟೊಂದು ಕಷ್ಟವೇಕೆ? ಭೌತಶಾಸ್ತ್ರವನ್ನು ಓದಿರುವ ವಿದ್ಯಾರ್ಥಿಗಳು ಪ್ವಾಸೇಯ ನಿಯಮವನ್ನು ಬಲ್ಲರು. ಪ್ರವಾಹವು ಸಮವಾಗಿ ಹರಿಯುತ್ತಿರುವಾಗ ನಳಿಗೆಯ ತಡೆಯು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯವು ಅರ್ಧವಾದರೆ ತಡೆಯು ಎರಡರಷ್ಟಲ್ಲ, ನಾಲ್ಕರಷ್ಟೂ ಅಲ್ಲ, 16ರಷ್ಟಾಗುತ್ತದೆ. ಇದನ್ನೇ ತಿರುಗಿಸಿ ನೋಡಿರಿ: ಮದ್ದು ನಳಿಗೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿದರೂ ರೋಗಿಗೆ ದೊಡ್ಡ ಉಪಕಾರವೇ ಸರಿ.

ಅಡಚಣೆಯನ್ನು ಅಳೆಯುವ ಯಂತ್ರಕ್ಕೆ ಸ್ಪೈರೋಮೀಟರ್ ಎಂದು ಹೆಸರು. ಇಂಗ್ಲೆಂಡಿನ ಜಾನ್ ಹಚಿನ್‌ಸನ್ 1846ರಲ್ಲಿ ಇದನ್ನು ಬಳಕೆಗೆ ತಂದನು. ಎದೆತುಂಬ ಗಾಳಿ ಎಳೆದು ಬಲವಾಗಿ ಊದಿದರೆ ಆರೋಗ್ಯವಂತ ತರುಣನ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮೊದಲನೆಯ ಸೆಕೆಂಡಿನಲ್ಲಿಯೇ ಹೊರಬರುತ್ತದೆ. ನಳಿಗೆ ಹಿಗ್ಗಿಸುವ ಮದ್ದು ಕೊಟ್ಟ ಮೇಲೆಯೂ ಈ ಪಾಲು ನೂರಕ್ಕೆ 70ನ್ನು ಮುಟ್ಟದಿದ್ದರೆ ವೈದ್ಯರು ಈ ರೋಗವನ್ನು ಗುರುತಿಸುತ್ತಾರೆ.

ಹೊಗೆ ಎಲ್ಲಿಂದ ಬರುತ್ತದೆ?

ಬಂಟ್ವಾಳವು ನೇತ್ರಾವತಿಯ ದಂಡೆಯಲ್ಲಿದೆ. ಬೆಳ್ತಂಗಡಿ ತಾಲ್ಲೂಕು ಚಾರ್ಮಾಡಿ ಘಾಟಿಯ ಬುಡದವರೆಗೂ ಹರಡಿದೆ. ಸಾವಿರ ಕಂಬದ ಬಸದಿಯ ಮೂಡುಬಿದಿರೆಯು ಈಗ ತನ್ನದೇ ತಾಲ್ಲೂಕಿನ ಕೇಂದ್ರ. ತೆಂಗು, ಕಂಗು, ರಬ್ಬರು, ಮಳೆ, ಹಸುರು ಇರುವ ಈ ಸೀಮೆಯಲ್ಲಿ ಹೊಗೆಯ ಬೇನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯಾರು. ಉತ್ತರಕ್ಕೆ ಮನೆಯ ಒಳಗೇ ನೋಡಬೇಕು.

ಇಲ್ಲಿಯ ಊಟಕ್ಕೆ ಕುಚ್ಚಲಕ್ಕಿ ಬೇಕು. ಅದು ಬೆಳ್ತಿಗೆಯಂತೆ ಬೇಗ ಬೇಯುವುದಿಲ್ಲ. ಬಹಳ ಹೊತ್ತು ಉರಿ ಬೇಕು. ಬಚ್ಚಲುಮನೆಯ ಹಂಡೆಗೆ ಬೇರೆ ಉರಿ. ಮಳೆಗಾಲದಲ್ಲಿ ಒದ್ದೆ ಸೌದೆ, ಮಡಲು, ತೆಂಗಿನ ಸಿಪ್ಪೆ. ಅಡಿಗೆಗೆ ಅನಿಲ ಬಂದ ಮನೆಗಳಲ್ಲಿಯೂ ಅನ್ನಕ್ಕೂ ಬಿಸಿನೀರಿಗೂ ಸೌದೆಯ ಒಲೆ ಉಳಿದುಕೊಂಡಿರುವುದುಂಟು. ಒಲೆಯ ಮುಂದೆ ಕೂರುವವರು ಹೆಂಗಸರು. ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದ ಅಜ್ಜಿಗೆ ಬೀಡಿ ಸೇದುವವನ ರೋಗವೇ ಬರುವುದು ಹೀಗೆ.

ಈ ಮಾತನ್ನು ಅಂಕಿಯಲ್ಲಿ ಹೇಳುವ ಒಂದು ಅಧ್ಯಯನವು ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಸುಲಭವಾದ ಅಳತೆಯನ್ನು ಬಳಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕಳೆಯುತ್ತಾರೆಂಬುದನ್ನು, ಎಷ್ಟು ವರ್ಷ ಹಾಗೆ ಕಳೆದರೆಂಬುದರಿಂದ ಗುಣಿಸುವುದು. ಗುಣಲಬ್ಧವು 60ನ್ನು ಮುಟ್ಟಿದಲ್ಲಿಂದ ಮುಂದೆ ಶ್ವಾಸನಾಳದ ದೀರ್ಘಕಾಲದ ಉರಿಯೂತದ ಅಪಾಯವು ಗಮನಾರ್ಹವಾಗಿ ಹೆಚ್ಚುತ್ತದೆಂದು ಕಂಡುಬಂತು. ದಿನಕ್ಕೆ 3 ಗಂಟೆಯಂತೆ 20 ವರ್ಷ: ಇಷ್ಟಾದರೆ 60 ಆಯಿತು. ನಮ್ಮ ವಾಚಕರು ತಮ್ಮ ಮನೆಯ ಹಿರಿಯ ಹೆಂಗಸರ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಒಲೆಯ ನಂತರ ಬೀಡಿ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವುದು ಬಹುಕಾಲದಿಂದ ಬಂದ ಮನೆಗೆಲಸ. ಜಗಲಿಯಲ್ಲಿ ಮಡಿಲಿಗೆ ಮೊರವಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಮಕ್ಕಳ ಶಾಲೆಯ ಖರ್ಚು ಆ ಮೊರದಿಂದಲೇ ಹುಟ್ಟಿದ ಮನೆಗಳು ಕಡಿಮೆಯಲ್ಲ. ಆದುದರಿಂದ ಆ ಕೆಲಸವನ್ನು ಹಗುರವಾಗಿ ಹಳಿಯುವುದು ಸಲ್ಲದು. ಆದರೆ ಆ ಪುಡಿಯ ಧೂಳು ಮೂಗಿಗೆ ಹೋಗುತ್ತದೆಂಬುದೂ ಸುಳ್ಳಲ್ಲ. ಸೇದುವವರ ಪಾಡಂತೂ ಹೇಳಬೇಕಾದುದಿಲ್ಲ. ಬೀಡಿಯಲ್ಲಿ ಹೊಗೆಸೊಪ್ಪು ಸಿಗರೇಟಿಗಿಂತ ಕಡಿಮೆಯಾದರೂ ಅದು ಆರದಂತೆ ಮೇಲಿಂದ ಮೇಲೆ ಎಳೆಯಬೇಕಾಗುವುದರಿಂದ ಕೇಡು ಕಡಿಮೆಯಾಗುವುದಿಲ್ಲ.

ಇವಲ್ಲದೆ ಕಲ್ಲುಕೋರೆಯ ಧೂಳು, ಜಲ್ಲಿಯ ಕ್ರಷರಿನ ಧೂಳು, ರಬ್ಬರು ಹಾಳೆಗಳನ್ನು ಒಣಗಿಸುವ ಹೊಗೆಮನೆಯ ಹೊಗೆ ಇವೂ ಸೇರುತ್ತವೆ. ಎಳೆತನದಲ್ಲಿ ಬಂದ ಶ್ವಾಸಕೋಶದ ಸೋಂಕು, ವಾಸಿಯಾದ ಕ್ಷಯ ಇವುಗಳೂ ರೋಗಕ್ಕೆ ದಾರಿ ಮಾಡಿಕೊಡುತ್ತವೆ.

ಮದ್ದು ಹೊಗೆಯ ದಾರಿಯನ್ನೇ ಹಿಡಿಯಬೇಕು

ಹೊಗೆಯ ಕಣಗಳು ಶ್ವಾಸಕೋಶದ ತಳದವರೆಗೆ ಇಳಿಯುವುದು ಅವು ಅತಿ ಸಣ್ಣವಾಗಿರುವುದರಿಂದ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತೇವೆ. 10 ಮೈಕ್ರಾನಿಗಿಂತ ದೊಡ್ಡ ಕಣಗಳು ಮೂಗು ಗಂಟಲುಗಳಲ್ಲಿಯೇ ಸಿಕ್ಕಿಬೀಳುತ್ತವೆ. 1ರಿಂದ 5 ಮೈಕ್ರಾನಿನ ಕಣಗಳು ಒಳನಳಿಗೆಗಳಿಗೆ ಇಳಿದು ಅಲ್ಲಿ ತಂಗುತ್ತವೆ. ಹೊಗೆಯು ಹಿಡಿದ ಈ ದಾರಿಯಲ್ಲಿಯೇ ಮದ್ದನ್ನೂ ಕಳುಹಿಸಿದರೆ ಹೇಗೆ? ಇನ್ಹೇಲರಿನ ತತ್ತ್ವ ಇಷ್ಟೇ. ಜನ ಇದನ್ನು 'ಪಂಪು' ಎಂದು ಕರೆಯುತ್ತಾರೆ.

ಒತ್ತಿದಾಗ ಅಳತೆಯ ಮದ್ದನ್ನು ತುಂತುರಾಗಿ ಬಿಡುವ ಇನ್ಹೇಲರು ಅಮೆರಿಕದಲ್ಲಿ 1956ರಲ್ಲಿ ಮಾರಾಟಕ್ಕೆ ಬಂತು. ಇದರ ಪ್ರಯೋಜನವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನಳಿಗೆಯನ್ನು ಹಿಗ್ಗಿಸುವ ಸಾಲ್ಬುಟಮಾಲ್ ಎಂಬ ಮದ್ದಿನ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ ಇರುತ್ತದೆ. ಇನ್ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಮಾತ್ರೆಯು ಹೊಟ್ಟೆ, ರಕ್ತಗಳನ್ನು ಸುತ್ತಿ ಮೈಯೆಲ್ಲ ಹರಡಿದ ಮೇಲೆ ಅದರ ಅಲ್ಪಾಂಶ ಶ್ವಾಸನಾಳಕ್ಕೆ ಬರುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದರ ಬಳುವಳಿ. ಇನ್ಹೇಲರು ನಲವತ್ತರಲ್ಲಿ ಒಂದು ಪಾಲು ಮದ್ದಿನಿಂದ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಹೀಗಿರುವಲ್ಲಿ 'ಪಂಪು ಕಡೆಯ ಮದ್ದು, ಒಮ್ಮೆ ಹಿಡಿದರೆ ಚಟವಾಗುತ್ತದೆ, ಮಾತ್ರೆಯೇ ಮೇಲು' ಎಂಬ ನಂಬಿಕೆಗೆ ಆಧಾರವಿಲ್ಲ. ಇದನ್ನು ಬಿಡಿಸಿ ಹೇಳುವುದು ಫಾರ್ಮಸಿಸ್ಟನ ಮೊದಲನೆಯ ಕೆಲಸ.

ಎರಡನೆಯ ಕೆಲಸ, ಸೇದುವ ಕ್ರಮವನ್ನು ಕಲಿಸುವುದು. ಒತ್ತುವ ಇನ್ಹೇಲರಿನಿಂದ ತುಂತುರು ಬಹು ವೇಗವಾಗಿ ಹೊರಡುತ್ತದೆ. ಉಸಿರನ್ನೂ ಜೋರಾಗಿ ಎಳೆದರೆ, ತಿರುವಿನಲ್ಲಿ ವೇಗ ತಗ್ಗಿಸದ ಬಸ್ಸಿನಂತೆ ಕಣಗಳು ಗಂಟಲಿನ ಗೋಡೆಗೆ ಬಡಿದು ಅಲ್ಲಿಯೇ ಉಳಿಯುತ್ತವೆ. ಆದುದರಿಂದ ಕ್ರಮ ಹೀಗೆ: ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಉಸಿರನ್ನು ಪೂರ್ತಿ ಹೊರಕ್ಕೆ ಬಿಡಬೇಕು, ಬಾಯಿಗಿಟ್ಟು ತುಟಿ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆಯಲು ತೊಡಗಿದೊಡನೆ ಒತ್ತಬೇಕು, ಆಳವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಹಿಡಿಯುವುದೇಕೆಂದರೆ ಕಣಗಳು ಗೋಡೆಯ ಮೇಲೆ ಇಳಿದು ಕೂರಲು ಸಮಯ ಬೇಕು. ಎರಡನೆಯ ಒತ್ತು ಬೇಕಾದರೆ ಅರ್ಧದಿಂದ ಒಂದು ನಿಮಿಷ ತಡೆಯಬೇಕು.

ಗುಳಿಗೆಯ ಪುಡಿಯನ್ನು ಸೇದುವ ಇನ್ನೊಂದು ಬಗೆಯ ಉಪಕರಣವುಂಟು. ಅದರ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಪುಡಿಯನ್ನು ಒಡೆದು ಹಾರಿಸುವ ಶಕ್ತಿಯು ರೋಗಿಯ ಉಸಿರಿನಿಂದಲೇ ಬರಬೇಕಾದುದರಿಂದ ಜೋರಾಗಿ, ವೇಗವಾಗಿ ಎಳೆಯಬೇಕು; ಅದರೊಳಕ್ಕೆ ಊದಬಾರದು. ಒಂದು ಉಪಕರಣಕ್ಕೆ ಕಲಿತ ಕ್ರಮವನ್ನು ಇನ್ನೊಂದಕ್ಕೆ ಹಚ್ಚಿದರೆ ಮದ್ದು ವ್ಯರ್ಥ. ಗುಳಿಗೆಯನ್ನು ನೀರಿನೊಡನೆ ನುಂಗಿಬಿಡುವವರೂ ಇದ್ದಾರೆ. ಇದು ಅವರ ದಡ್ಡತನವಲ್ಲ. ಗುಳಿಗೆಯೆಂಬುದು ನುಂಗುವ ವಸ್ತುವೆಂದೇ ಅವರು ಅದುವರೆಗೆ ಕಂಡಿರುತ್ತಾರೆ, ಪೆಟ್ಟಿಗೆಯ ಮೇಲಿನ ಬರೆಹವೋ ಇಂಗ್ಲಿಷಿನಲ್ಲಿರುತ್ತದೆ.

ಆದಕಾರಣ ಜಾಣ ಫಾರ್ಮಸಿಸ್ಟನು 'ಗೊತ್ತಾಯಿತಾ?' ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ 'ಹೌದು' ಎನ್ನುತ್ತಾರೆ. 'ಅಕ್ಕಾ, ನೀವು ಮನೆಯಲ್ಲಿ ಹೇಗೆ ಎಳೆಯುವುದು, ಒಮ್ಮೆ ತೋರಿಸಿ ನೋಡುವ' ಎನ್ನುತ್ತಾನೆ. ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಕೊಂಕಣಿಯಲ್ಲಿಯೋ ಅವರ ಮನೆಮಾತಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ತಪ್ಪು ಕಂಡರೆ ತಾನು ಮಾಡಿ ತೋರಿಸಿ, ಮತ್ತೆ ಅವರಿಂದ ಮಾಡಿಸುತ್ತಾನೆ. ಮುಂದಿನ ಸಲ ಬಂದಾಗ ಮತ್ತೊಮ್ಮೆ ನೋಡುತ್ತಾನೆ; ಏಕೆಂದರೆ ಕಲಿತದ್ದು ಕೆಲವು ವಾರಗಳಲ್ಲಿ ಮರೆತುಹೋಗುವುದು ಸಹಜ.

ಕೈ ನಡುಗುವ ಮುದುಕರಿಗೆ ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದು. ಅವರಿಗೆ ಸ್ಪೇಸರ್ ಎಂಬ ಪೊಳ್ಳು ಕೊಳವೆ ಬೇಕು. ತುಂತುರು ಮೊದಲು ಅದರೊಳಗೆ ನಿಂತು ವೇಗ ಕಳೆದುಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ಸೇದಬಹುದು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಹೆದರ್ ಜಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಶೀಸೆಯನ್ನೇ ಸ್ಪೇಸರಾಗಿ ಮಾಡಿ, ಆಸ್ತಮಾ ಕೆರಳಿದ ಮಕ್ಕಳಲ್ಲಿ ಪರೀಕ್ಷಿಸಿದರು. ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಂತೆ ಮಾಡಿದ ಶೀಸೆಯು ಕೊಂಡು ತಂದ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತೆಂದು 1999ರಲ್ಲಿ ಪ್ರಕಟಿಸಿದರು. ಬಡವರ ಚಿಕಿತ್ಸೆಗೆ ಬುದ್ಧಿಯೂ ಒಂದು ಬಂಡವಾಳವೆಂಬುದಕ್ಕೆ ಇದು ನಿದರ್ಶನ.

ಇನ್ನೊಂದು ಚಿಕ್ಕ ಮಾತು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇರುವ ಇನ್ಹೇಲರನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಿಯಲ್ಲಿ ಬಿಳಿಯ ಬೂಷ್ಟು ಬೆಳೆಯಬಹುದು.

ಮಳೆಗಾಲ ಮತ್ತು ಅಟ್ಟ

ಪರದೇಶದ ಪುಸ್ತಕಗಳಲ್ಲಿ ಕಾಣದ ಒಂದು ತೊಡಕು ನಮ್ಮ ಕರಾವಳಿಯಲ್ಲಿ ಉಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಗಾಳಿಯೇ ಒದ್ದೆ. ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಗುಳಿಗೆಯ ಪುಡಿಗೂ ಅದೇ ಗತಿ. ತೇವ ತಗಲಿದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. 5 ಮೈಕ್ರಾನಿನೊಳಗೆ ಇರಬೇಕಾದದ್ದು ಉಂಡೆಗಟ್ಟಿದರೆ ಗಂಟಲಿನಿಂದ ಕೆಳಕ್ಕೆ ಇಳಿಯದು. ಆದುದರಿಂದ ಗುಳಿಗೆಯನ್ನು ಸೇದುವ ಹೊತ್ತಿಗೇ ಹೊದಿಕೆಯಿಂದ ತೆಗೆಯಬೇಕು. ಒದ್ದೆ ಕೈಯಿಂದ ಮುಟ್ಟಬಾರದು. ಬಚ್ಚಲಿನ ಹತ್ತಿರ ಇಡಬಾರದು.

ತೇವಕ್ಕೆ ಹೆದರಿ ಒಲೆಯ ಮೇಲಿನ ಅಟ್ಟದಲ್ಲಿಡುವುದೂ ಅಪಾಯವೇ. ಅಲ್ಲಿ ಹುಣಸೆ, ಬೆಲ್ಲ ಕೆಡದಿರಬಹುದು. ಆದರೆ ಒತ್ತುವ ಇನ್ಹೇಲರಿನ ಲೋಹದ ಡಬ್ಬಿಯಲ್ಲಿ ಒತ್ತಡಕ್ಕೊಳಗಾದ ದ್ರವವಿದೆ. ಶಾಖ ಹೆಚ್ಚಿದಂತೆ ಒತ್ತಡವೂ ಹೆಚ್ಚಿ ಡಬ್ಬಿ ಸಿಡಿಯಬಹುದು. ಮುಗಿದ ಡಬ್ಬಿಯನ್ನು ಬೆಂಕಿಗೆ ಎಸೆಯಬಾರದು. ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಒಲೆಯಿಂದ ದೂರದ ಕಪಾಟಿನಲ್ಲಿ ಇಡುವುದೇ ಸರಿ. ಈ ಮಾತನ್ನು ಆ ಊರಿನ ಅಡಿಗೆಮನೆಯನ್ನು ಬಲ್ಲವನೇ ಹೇಳಬಲ್ಲ. ಊರ ಮದ್ದಿನಂಗಡಿಯ ಬೆಲೆ ಇರುವುದು ಇಲ್ಲಿಯೇ.

ಅಂಗಡಿಯ ಪುಸ್ತಕ ಹೇಳುವ ಸುದ್ದಿ

ವೈದ್ಯರು ರೋಗಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕಾಣುತ್ತಾರೆ. ಶ್ವಾಸಕೋಶದ ತಜ್ಞರನ್ನು ಕಾಣಬೇಕಾದರೆ ಅನೇಕರು ಮಂಗಳೂರಿಗೇ ಹೋಗುತ್ತಾರೆ; ಬೆಳ್ತಂಗಡಿಯಿಂದ ಅದು 60 ಕಿಲೋಮೀಟರಿಗೂ ಮಿಕ್ಕ ದಾರಿ. ಮದ್ದಿನಂಗಡಿಯಾದರೋ ಸಂತೆಗೆ ಬಂದವರು ಹಾಯುವ ದಾರಿಯಲ್ಲಿಯೇ ಇದೆ. ಅಲ್ಲಿಯ ಮಾರಾಟದ ಪುಸ್ತಕವು ಸರಿಯಾಗಿ ಓದಬಲ್ಲವನಿಗೆ ಒಂದು ಅಳತೆಯ ಯಂತ್ರವಿದ್ದಂತೆ.

ಉದಾಹರಣೆಗೆ, ಒಂದು ಇನ್ಹೇಲರಿನಲ್ಲಿ 200 ಒತ್ತುಗಳಿವೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ವೈದ್ಯರು ಬರೆದಿದ್ದಾರೆ. ಹಾಗಾದರೆ ಅದು 50 ದಿನಕ್ಕೆ ಮುಗಿಯಬೇಕು. ರೋಗಿಯು ನೂರನೆಯ ದಿನ ಬಂದರೆ ಅರ್ಧದಷ್ಟು ಮಾತ್ರ ಸೇದಿದ್ದಾನೆಂದು ತಿಳಿಯುತ್ತದೆ. ಹಣದ ಅಡಚಣೆಯೋ? ಉಸಿರು ಹಗುರವಾದಾಗ ಬಿಟ್ಟುಬಿಟ್ಟನೋ? ವಿಚಾರಿಸಬೇಕು. ಇದಕ್ಕೆ ವಿರುದ್ಧವಾಗಿ, ಕಷ್ಟವಾದಾಗ ಮಾತ್ರ ಸೇದಬೇಕಾದ ಇನ್ಹೇಲರು 200 ಒತ್ತುಗಳಿದ್ದೂ 20 ದಿನಕ್ಕೇ ಮುಗಿದರೆ ದಿನಕ್ಕೆ ಹತ್ತು ಒತ್ತು ನಡೆದಿದೆ. ಅದು ವ್ಯಾಪಾರಕ್ಕೆ ಲಾಭವಿರಬಹುದು, ರೋಗಿಗೆ ಅಪಾಯದ ಸೂಚನೆ. ಅವನನ್ನು ಬೇಗನೆ ವೈದ್ಯರಲ್ಲಿಗೆ ಕಳುಹಿಸಬೇಕು.

ಈ ಬಗೆಯ ಸಲಹೆಯಿಂದ ನಿಜವಾಗಿ ಉಪಯೋಗವುಂಟೇ? ಬೆಲ್ಜಿಯಂ ದೇಶದಲ್ಲಿ 170 ಮದ್ದಿನಂಗಡಿಗಳ 734 ರೋಗಿಗಳನ್ನು ಎರಡು ಗುಂಪು ಮಾಡಿ ಮೂರು ತಿಂಗಳು ಪರೀಕ್ಷೆ ನಡೆಸಿದರು. ಒಂದು ಗುಂಪಿಗೆ ಫಾರ್ಮಸಿಸ್ಟರು ಮೊದಲ ದಿನವೂ ಒಂದು ತಿಂಗಳ ಮೇಲೆಯೂ ಕುಳ್ಳಿರಿಸಿ ಕಲಿಸಿದರು. ಇನ್ನೊಂದಕ್ಕೆ ಎಂದಿನಂತೆ ಮದ್ದು ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಲಿತ ಗುಂಪಿನವರು ಇನ್ಹೇಲರನ್ನು ಹೆಚ್ಚು ಸರಿಯಾಗಿ ಬಳಸಿದರು, ಮದ್ದನ್ನು ಹೆಚ್ಚು ಕ್ರಮವಾಗಿ ತೆಗೆದುಕೊಂಡರು. ರೋಗ ಕೆರಳಿ ಆಸ್ಪತ್ರೆ ಸೇರಿದ ಪ್ರಸಂಗಗಳು ಒಂದು ಗುಂಪಿನಲ್ಲಿ 35, ಕಲಿತ ಗುಂಪಿನಲ್ಲಿ 9. ಹೊಸ ಮದ್ದು ಯಾವುದೂ ಇಲ್ಲ. ಇದ್ದ ಮದ್ದನ್ನೇ ಶ್ವಾಸಕೋಶಕ್ಕೆ ಮುಟ್ಟಿಸಿದ್ದರ ಫಲ ಇದು.

ಮದ್ದು ಮದ್ದಿಗೆ ಹಗೆ

ಮೂರನೆಯ ಕೆಲಸಕ್ಕೆ ಔಷಧಶಾಸ್ತ್ರದ ತಿಳಿವಳಿಕೆ ಬೇಕು. ಮುದುಕರಿಗೆ ಒಂದೇ ರೋಗವಿರುವುದಿಲ್ಲ. ಕಣ್ಣಿನ ಒತ್ತಡಕ್ಕೆ ಟಿಮೊಲಾಲ್ ಎಂಬ ಹನಿಯನ್ನು ಹಾಕುವುದುಂಟು. ಕಣ್ಣಿಗೆ ಬಿಟ್ಟ ಹನಿ ಮೂಗಿನ ನಾಳಕ್ಕೆ ಇಳಿದು ರಕ್ತಕ್ಕೆ ಸೇರಿ ಶ್ವಾಸನಾಳವನ್ನು ಬಿಗಿಯಬಲ್ಲದು! ಕಣ್ಣಿನ ವೈದ್ಯರಿಗೆ ದಮ್ಮಿನ ಸಂಗತಿ, ಎದೆಯ ವೈದ್ಯರಿಗೆ ಹನಿಯ ಸಂಗತಿ ತಿಳಿಯದೆ ಇರಬಹುದು. ಎರಡು ಚೀಟಿಗಳೂ ಬಂದು ಸೇರುವುದು ಒಂದೇ ಅಂಗಡಿಗೆ. ನಿದ್ರೆಯ ಮಾತ್ರೆಗಳೂ ಮಂಪರು ತರುವ ಕೆಮ್ಮಿನ ಔಷಧಗಳೂ ಮೊದಲೇ ಬಳಲಿದ ಉಸಿರನ್ನು ಇನ್ನಷ್ಟು ಕುಗ್ಗಿಸಬಹುದು.

ಥಿಯೋಫಿಲಿನ್ ಎಂಬ ಹಳೆಯ ಮದ್ದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬೀಡಿಯ ಹೊಗೆಯಲ್ಲಿರುವ ವಸ್ತುಗಳು ಯಕೃತ್ತನ್ನು ಚುರುಕುಗೊಳಿಸುವುದರಿಂದ ಸೇದುವವನ ದೇಹವು ಈ ಮದ್ದನ್ನು ಬೇಗ ಕರಗಿಸಿಬಿಡುತ್ತದೆ. ಆತನು ಬೀಡಿ ಬಿಟ್ಟನೆನ್ನಿರಿ. ಯಕೃತ್ತು ಮೊದಲಿನ ನಿಧಾನಕ್ಕೆ ಮರಳುತ್ತದೆ. ಅದೇ ಮಾತ್ರೆ ಈಗ ರಕ್ತದಲ್ಲಿ ಹೆಚ್ಚಾಗಿ ನಿಂತು ವಾಂತಿ, ಎದೆಬಡಿತಗಳನ್ನು ತರಬಹುದು. ಬೀಡಿ ಬಿಟ್ಟದ್ದೇ ಕೆಟ್ಟಿತೆಂದು ಆತನು ಮತ್ತೆ ಸೇದಲು ತೊಡಗಿಯಾನು! ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕವೂ ಇದೇ ಬಗೆಯಲ್ಲಿ ಥಿಯೋಫಿಲಿನ್ನನ್ನು ಹೆಚ್ಚಿಸುತ್ತದೆ. ಅಳತೆಯನ್ನು ಬದಲಿಸುವ ಅಧಿಕಾರ ವೈದ್ಯರದು; ಅವರಿಗೆ ಸುದ್ದಿ ಮುಟ್ಟಿಸುವ ಹೊಣೆ ಫಾರ್ಮಸಿಸ್ಟನದು.

ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆಗಳನ್ನು ಕೇಳುವವರೂ ಬರುತ್ತಾರೆ. ಅವು ಎರಡು ದಿನಗಳಲ್ಲಿ ಹಾಯೆನಿಸಿದರೂ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆಕಾಯಿಲೆ, ಮೂಳೆಸವೆತ, ಸೋಂಕುಗಳಿಗೆ ಎಡೆಮಾಡುತ್ತವೆ. ಅಲ್ಲಿ 'ಇಲ್ಲ' ಎನ್ನುವುದೂ ಚಿಕಿತ್ಸೆಯೇ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಕಫದಲ್ಲಿ ರಕ್ತ ಇವು ಕಂಡರೆ ಕೆಮ್ಮಿನ ಶೀಸೆಯನ್ನು ಮಾರದೆ ಕ್ಷಯದ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಬೇಕು. ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸುವಷ್ಟು ಉಸಿರಿಲ್ಲದಿದ್ದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಬೀಡಿಯನ್ನು ಬಿಡಿಸುವುದು

ಮದ್ದುಗಳೆಲ್ಲ ಉಸಿರನ್ನು ಹಗುರಮಾಡುತ್ತವೆ. ರೋಗದ ಓಟವನ್ನು ನಿಧಾನಗೊಳಿಸುವುದರಲ್ಲಿ ಧೂಮಪಾನವನ್ನು ಬಿಡುವುದಕ್ಕೆ ಸಮನಾದುದು ಬೇರೊಂದಿಲ್ಲ. ಇಪ್ಪತ್ತೈದರ ವಯಸ್ಸಿನ ನಂತರ ಎಲ್ಲರಲ್ಲಿಯೂ ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿಯು ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರು ಇಳಿಯುತ್ತ ಬರುತ್ತದೆ. ಸೇದುವವರಲ್ಲಿ ಹೊಗೆಗೆ ಬೇಗ ಈಡಾಗುವವರಿಗೆ ಈ ಇಳಿತ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಇರುತ್ತದೆ. ಇಂಗ್ಲೆಂಡಿನ ಫ್ಲೆಚರ್ ಮತ್ತು ಪೀಟೋ 1977ರಲ್ಲಿ ತೋರಿಸಿಕೊಟ್ಟ ಮುಖ್ಯ ಸಂಗತಿ ಇದು: ಬಿಟ್ಟಲ್ಲಿ, ಹೋದ ಉಸಿರು ಹಿಂದಿರುಗದು, ಆದರೆ ಅಲ್ಲಿಂದ ಮುಂದಿನ ಇಳಿತವು ಸೇದದವರ ಇಳಿತದಷ್ಟೇ ನಿಧಾನವಾಗುತ್ತದೆ. ಆದುದರಿಂದ 'ಇಷ್ಟು ವರ್ಷ ಸೇದಿದ್ದಾಯಿತು, ಈಗ ಬಿಟ್ಟೇನು ಫಲ?' ಎಂಬ ಮಾತು ಗಣಿತಕ್ಕೆ ಒಪ್ಪುವುದಿಲ್ಲ. ಬಿಡಲು ನೆರವಾಗುವ ನಿಕೊಟಿನ್ ಅಂಟನ್ನು ಹೇಗೆ ಜಗಿಯಬೇಕೆಂದು ಫಾರ್ಮಸಿಸ್ಟನು ತಿಳಿಸಬಲ್ಲ. ಒಲೆಯ ಹೊಗೆಗೂ ಇದೇ ನ್ಯಾಯ: ಹೊಗೆಗೂಡು, ಅಗಲವಾದ ಕಿಟಕಿ, ಒಣಗಿದ ಸೌದೆ, ಸಾಧ್ಯವಾದಲ್ಲಿ ಅನಿಲ. ಪ್ರತಿ ವರ್ಷದ ಫ್ಲೂ ಲಸಿಕೆಯ ವಿಷಯವನ್ನೂ ವೈದ್ಯರಲ್ಲಿ ಕೇಳುವಂತೆ ನೆನಪಿಸಬಹುದು.

ಹೊಣೆ ಮತ್ತು ಅಡ್ಡಿ

ನಮ್ಮ ದೇಶದಲ್ಲಿ ಫಾರ್ಮಸಿ ಕಾಯಿದೆ ಬಂದದ್ದು 1948ರಲ್ಲಿ. ವೈದ್ಯರ ಚೀಟಿಯ ಮದ್ದನ್ನು ನೋಂದಾಯಿತ ಫಾರ್ಮಸಿಸ್ಟನೇ ಕೊಡಬೇಕೆಂಬುದು ಅದರ ತಿರುಳು. 2015ರ ನಿಯಮಾವಳಿಗಳು ಇನ್ನೂ ಮುಂದಕ್ಕೆ ಹೋಗಿ, ಮದ್ದಿನ ಬಳಕೆಯ ಬಗ್ಗೆ ರೋಗಿಗೆ ತಿಳಿಹೇಳುವುದನ್ನೂ ಫಾರ್ಮಸಿಸ್ಟನ ಕರ್ತವ್ಯವೆಂದು ಹೇಳಿವೆ. ಕಾಗದದ ಮೇಲೆ ದಾರಿ ಸ್ಪಷ್ಟವಾಗಿದೆ.

ಅಡ್ಡಿಗಳೂ ಇವೆ. ಅಂಗಡಿಗೆ ಲಾಭ ಬರುವುದು ಮಾರಾಟದಿಂದ. ಐದು ನಿಮಿಷದ ಮಾತಿಗೆ ಯಾರೂ ಹಣ ಕೊಡುವುದಿಲ್ಲ. ಸಂಜೆಯ ಹೊತ್ತು ಮುಂದೆ ಹತ್ತು ಜನ ನಿಂತಿರುವಾಗ ಒಬ್ಬರನ್ನು ಕುಳ್ಳಿರಿಸಿ ಕಲಿಸುವುದು ಕಷ್ಟ. ಅನೇಕ ಸಲ ರೋಗಿಯ ಬದಲು ಮೊಮ್ಮಗನು ಚೀಟಿ ಹಿಡಿದು ಬರುತ್ತಾನೆ. ಆದರೆ ಕೆಲಸವನ್ನು ಸಣ್ಣದಾಗಿ ಆರಂಭಿಸಬಹುದು: ತೋರಿಸಲು ಒಂದು ಖಾಲಿ ಇನ್ಹೇಲರು, ಒಂದು ಸ್ಟೂಲು, ಕನ್ನಡದಲ್ಲಿ ಬರೆದ ಒಂದು ಚೀಟಿ, ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತು. ಮೊಮ್ಮಗನೇ ಬಂದರೆ ಅವನಿಗೇ ಕಲಿಸಿದರಾಯಿತು. ಮನೆಯಲ್ಲಿ ಅಜ್ಜನಿಗೆ ಅವನೇ ಗುರು.

ಆ ಮೊಮ್ಮಗನು ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಯೇ ಆಗಿರಬಹುದು. ಆದುದರಿಂದ ಮುಂದಿನ ಸಲ ಮದ್ದು ತರಲು ಹೋದಾಗ ಪೊಟ್ಟಣವನ್ನು ಹಿಡಿದು ಓಡಿಬರದೆ, 'ಇದನ್ನು ಎಳೆಯುವುದು ಹೇಗೆ, ಒಮ್ಮೆ ತೋರಿಸಿ' ಎಂದು ಕೇಳಬೇಕು. ಮದ್ದಿನ ದಾರಿ ಅಂಗಡಿಯ ಮೆಟ್ಟಿಲಲ್ಲಿ ಮುಗಿಯುವುದಿಲ್ಲ.

ಅಭ್ಯಾಸಕ್ಕೆ

1. ಒಬ್ಬಾಕೆ 16ನೆಯ ವಯಸ್ಸಿನಿಂದ ದಿನಕ್ಕೆ 4 ಗಂಟೆ ಸೌದೆಯ ಒಲೆಯ ಮುಂದೆ ಕಳೆಯುತ್ತಾಳೆ. ಮೈಸೂರಿನ ಅಧ್ಯಯನದ 60ರ ಗೆರೆಯನ್ನು ಎಷ್ಟನೆಯ ವಯಸ್ಸಿನಲ್ಲಿ ಮುಟ್ಟುವಳು?

2. 120 ಒತ್ತುಗಳ ಇನ್ಹೇಲರು; ದಿನಕ್ಕೆ 4 ಒತ್ತು ಬರೆದಿದೆ. ರೋಗಿಯು 45 ದಿನಗಳ ಮೇಲೆ ಹೊಸದಕ್ಕೆ ಬಂದನು. ಬರೆದುದರಲ್ಲಿ ಎಷ್ಟು ಪಾಲು ಸೇದಿದ್ದಾನೆ?

3. ನಳಿಗೆಯ ತ್ರಿಜ್ಯವು ಐದರಲ್ಲಿ ನಾಲ್ಕು ಪಾಲಿಗೆ ಇಳಿದರೆ ತಡೆಯು ಎಷ್ಟರಷ್ಟಾಗುತ್ತದೆ?

4. ಪ್ರಯೋಗ: ಐದು ಲೀಟರಿನ ಕ್ಯಾನಿಗೆ ನೀರು ತುಂಬಿ ಬಕೆಟ್ಟಿನ ನೀರಿನಲ್ಲಿ ಬೋರಲು ಹಾಕಿರಿ. ಅದರ ಬಾಯೊಳಕ್ಕೆ ಒಂದು ರಬ್ಬರು ಕೊಳವೆಯನ್ನು ತೂರಿಸಿ, ಎದೆತುಂಬ ಗಾಳಿ ಎಳೆದು ಒಂದೇ ಉಸಿರಿಗೆ ಊದಿರಿ. ಕ್ಯಾನಿನಿಂದ ಹೊರಬಿದ್ದ ನೀರಿನ ಅಳತೆಯೇ ನೀವು ಊದಿದ ಗಾಳಿಯ ಅಳತೆ. ಕೊಳವೆಯನ್ನು ಬೆರಳಿನಿಂದ ಸ್ವಲ್ಪ ಒತ್ತಿಹಿಡಿದು ಮತ್ತೆ ಊದಿ ನೋಡಿರಿ. ದಮ್ಮಿನವರ ಕಷ್ಟದ ಒಂದು ಅಂಶ ಆಗ ತಿಳಿದೀತು.

ಉತ್ತರಗಳು: (1) 31. (2) ಮೂರರಲ್ಲಿ ಎರಡು ಪಾಲು. (3) ಸುಮಾರು 2.44ರಷ್ಟು.